ಹಳೇ ಡೆಬ್, ಹೊಸ ಸ್ನ್ಯಾಪ್: ಒಂದೇ ಕಂಪ್ಯೂಟರ್‌ನಲ್ಲಿ ಎರಡೂ ಇರಬಹುದಾ?

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಬಹಳಷ್ಟು ಲಿನಕ್ಸ್ ಬಗ್ಗೆ, ಅದ್ರಲ್ಲೂ ಅದರ ಒಂದು ಬಗೆಯಾದ ಉಬುಂಟು ಬಳಸೋರದ್ದು. ನೋಡೋಕೆ ಒಬ್ಬೊಬ್ಬರದ್ದು ಒಂದೊಂದು ತೊಂದ್ರೆ, ಬೇರು ಮಾತ್ರ ಒಂದೇ. ಇಷ್ಟು ವರ್ಷ ಸಾಫ್ಟ್‌ವೇರ್ ಡೆಬ್ ಫೈಲಾಗಿ ಬರ್ತಿತ್ತು, ಆಪ್ಟ್ ಅನ್ನೋ ಪ್ರೋಗ್ರಾಂ ಅದನ್ನ ತಂದು ಹಾಕ್ತಿತ್ತು, ಈಗ ಸ್ನ್ಯಾಪ್, ಫ್ಲಾಟ್‌ಪ್ಯಾಕ್ ಅಂತ ಹೊಸ ವ್ಯವಸ್ಥೆ ಬಂದಿದೆ, ಹಳೇದೂ ಹೋಗಿಲ್ಲ. ಎರಡರ ಮಧ್ಯೆ ಸಿಕ್ಕಿಹಾಕ್ಕೊಂಡಿರೋರ ಪ್ರಶ್ನೆಗಳನ್ನೆಲ್ಲ ಒಟ್ಟಿಗೆ ತಗೊಂಡಿದ್ದೀನಿ.

ಪ್ರಶ್ನೆ: ಶಿವಮೊಗ್ಗದಲ್ಲಿ ಒಬ್ರು ಆಡಿಟರ್ ಆಫೀಸಲ್ಲಿ ಕೆಲಸ ಮಾಡ್ತೀನಿ ಸರ್. ಉಬುಂಟು 20.04 ಇತ್ತು, 22.04ಗೆ ಅಪ್‌ಗ್ರೇಡ್ ಮಾಡಿದ್ಮೇಲೆ ಫೈರ್‌ಫಾಕ್ಸ್‌ನಲ್ಲಿ ಡಿಜಿಟಲ್ ಸಿಗ್ನೇಚರ್ ಟೋಕನ್ ತಗೊಳ್ತಾನೇ ಇಲ್ಲ. ಟೋಕನ್ ಡ್ರೈವರ್‌ನ ಡೆಬ್ ಫೈಲ್ ಮತ್ತೆ ಹಾಕಿದ್ವಿ, ಇನ್‌ಸ್ಟಾಲ್ ಆಯ್ತು ಅನ್ನತ್ತೆ. ಫೈರ್‌ಫಾಕ್ಸನ್ನೂ ತೆಗೆದು ಆಪ್ಟ್ ಇನ್‌ಸ್ಟಾಲ್ ಕೊಟ್ಟು ಮತ್ತೆ ಹಾಕಿದ್ವಿ, ಅದೇ ಕಥೆ. ರಿಟರ್ನ್ ಹಾಕೋ ಕೊನೇ ದಿನ ಹತ್ರ ಬರ್ತಿದೆ, ಏನ್ ಮಾಡ್ಲಿ?

ಉತ್ತರ: ನಿಮ್ಮ ಡ್ರೈವರ್ ಸರಿಯಾಗೇ ಇದೆ, ಬದಲಾಗಿರೋದು ಫೈರ್‌ಫಾಕ್ಸು. 22.04ರಿಂದ ಉಬುಂಟು ಫೈರ್‌ಫಾಕ್ಸನ್ನ ಡೆಬ್ ಆಗಿ ಕೊಡೋದು ನಿಲ್ಲಿಸಿ ಸ್ನ್ಯಾಪ್ ಆಗಿ ಕೊಡ್ತಿದೆ, ನೀವು ಅಪ್‌ಗ್ರೇಡ್ ಮಾಡ್ದಾಗ ಹಳೇದನ್ನ ತೆಗೆದು ಆ ಜಾಗದಲ್ಲಿ ಸ್ನ್ಯಾಪ್ ಕೂರಿಸಿದೆ. ಐಕಾನ್ ಅದೇ, ಹೆಸರು ಅದೇ, ಬುಕ್‌ಮಾರ್ಕೂ ಹಾಗೇ ಬಂದಿರುತ್ತೆ, ಹಂಗಾಗಿ ಯಾರಿಗೂ ಗೊತ್ತಾಗಲ್ಲ.

ಡೆಬ್ ಅನ್ನೋದು ಫೈಲುಗಳ ಗಂಟು ಅಷ್ಟೇ. ಇನ್‌ಸ್ಟಾಲ್ ಮಾಡ್ದಾಗ ಗಂಟು ಬಿಚ್ಚಿ ಪ್ರೋಗ್ರಾಂ ಒಂದು ಫೋಲ್ಡರ್‌ಗೆ, ಪ್ರೋಗ್ರಾಂಗಳು ಹಂಚ್ಕೊಂಡು ಬಳಸೋ ಕೋಡ್, ಅಂದ್ರೆ ಲೈಬ್ರರಿ, ಇನ್ನೊಂದು ಫೋಲ್ಡರ್‌ಗೆ ಹೋಗುತ್ತೆ, ಸಿಸ್ಟಮ್‌ನಲ್ಲಿರೋ ಎಲ್ಲಾ ಪ್ರೋಗ್ರಾಮೂ ಆ ಫೋಲ್ಡರ್‌ಗಳನ್ನ ನೋಡಬಹುದು. ನಿಮ್ಮ ಟೋಕನ್ ಕಂಪನಿ ಕೊಟ್ಟಿರೋ ಡೆಬ್ ಕೂಡ ತನ್ನ ಲೈಬ್ರರಿನ ಅಲ್ಲೇ ಇಟ್ಟಿದೆ. ಸ್ನ್ಯಾಪ್ ಹಾಗಲ್ಲ. ಇಡೀ ಪ್ರೋಗ್ರಾಂ ಒಂದೇ ಇಮೇಜ್ ಫೈಲ್ ಆಗಿ ಬರುತ್ತೆ, ಬಿಚ್ಚೋದಿಲ್ಲ, ಒಂದು ಡಿಸ್ಕ್ ಥರ ಮೌಂಟ್ ಆಗುತ್ತೆ, ಸುತ್ತ ಆಪ್‌ಆರ್ಮರ್ ಅನ್ನೋ ಕಾವಲು ಇರುತ್ತೆ. ಸ್ನ್ಯಾಪ್ ಒಳಗಿರೋ ಫೈರ್‌ಫಾಕ್ಸ್‌ಗೆ ಕಾಣೋ ಲೈಬ್ರರಿ ಫೋಲ್ಡರ್ ನಿಮ್ಮ ಕಂಪ್ಯೂಟರಿನದ್ದಲ್ಲ, ಅದರದ್ದೇ ಬೇರೆ. ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿ ಡಿವೈಸಸ್‌ಗೆ ಹೋಗಿ ಲೋಡ್ ಒತ್ತಿ ಟೋಕನ್ ಲೈಬ್ರರಿಯ ದಾರಿ ತೋರಿಸಿದ್ರೂ ಆಗಲ್ಲ ಅನ್ನೋದು ಇದಕ್ಕೇ, ಆ ದಾರೀಲಿ ಅದಕ್ಕೆ ಆ ಫೈಲೇ ಇಲ್ಲ.

ಹೀಗೆ ಮಾಡಿದ್ದಕ್ಕೆ ಕಾರಣ ಇದೆ, ಅದನ್ನ ಒಪ್ಕೋಬೇಕು. ಇಡೀ ದಿನ ಹೊರಗಿನ ಜಾಲದ ಜೊತೆ ವ್ಯವಹಾರ ಮಾಡೋ ಪ್ರೋಗ್ರಾಂ ಅಂದ್ರೆ ಬ್ರೌಸರೇ, ಅದಕ್ಕೆ ಏನಾದ್ರೂ ಹೊಕ್ಕಿದ್ರೂ ಮಿಕ್ಕಿದ್ದಕ್ಕೆ ಕೈ ಹಾಕಬಾರದು ಅಂತ ಈ ಬೇಲಿ. ಜೊತೆಗೆ ಉಬುಂಟುವಿನ ಒಂದೊಂದು ಆವೃತ್ತಿಗೂ ಬೇರೆ ಬೇರೆ ಡೆಬ್ ಕಟ್ಟೋ ಬದಲು ಒಂದೇ ಸ್ನ್ಯಾಪ್ ಎಲ್ಲಾ ಕಡೆ ನಡೆಯುತ್ತೆ, ಫೈರ್‌ಫಾಕ್ಸ್ ಮಾಡೋ ಮೊಜಿಲ್ಲಾದವರೇ ನೇರ ಕೊಡ್ತಾರೆ. ಇದೆಲ್ಲ ಒಳ್ಳೇದೇ. ನನ್ನ ತಕರಾರು ಇರೋದು ಆಪ್ಟ್‌ನಲ್ಲಿ ಫೈರ್‌ಫಾಕ್ಸ್ ಕೇಳಿದವರ ಕೈಗೆ ಹೇಳದೆ ಕೇಳದೆ ಸ್ನ್ಯಾಪ್ ಇಡೋದ್ರ ಬಗ್ಗೆ. ಆಪ್ಟ್‌ನಲ್ಲಿ ಇವತ್ತಿಗೂ ಫೈರ್‌ಫಾಕ್ಸ್ ಅನ್ನೋ ಡೆಬ್ ಇದೆ, ಆದ್ರೆ ಅದು ಖಾಲಿ ಡೆಬ್ಬು, ಒಳಗಿರೋ ಸ್ಕ್ರಿಪ್ಟ್ ಹೋಗಿ ಸ್ನ್ಯಾಪನ್ನೇ ತರುತ್ತೆ. ನೀವು ತೆಗೆದು ಮತ್ತೆ ಹಾಕಿದ್ರೂ ಅದೇ ಬಂದಿದ್ದು ಇದ್ರಿಂದ. ಕ್ರೋಮಿಯಂಗೆ 19.10ರಲ್ಲೇ ಹೀಗೆ ಮಾಡಿದ್ರು, 24.04ರಲ್ಲಿ ಥಂಡರ್‌ಬರ್ಡ್‌ಗೂ ಮಾಡಿದ್ರು.

ಈಗ ಪರಿಹಾರ. ಮೊಜಿಲ್ಲಾದವರು ಜನವರಿ 2024ರಿಂದ, ಫೈರ್‌ಫಾಕ್ಸ್ 122ರ ಜೊತೆಗೆ, ತಮ್ಮದೇ ಆಪ್ಟ್ ರೆಪಾಸಿಟರಿ, ಅಂದ್ರೆ ಆಪ್ಟ್ ಪ್ಯಾಕೇಜ್ ತರೋ ಉಗ್ರಾಣ, ನಡೆಸ್ತಿದ್ದಾರೆ, ನಿಜವಾದ ಡೆಬ್ ಅಲ್ಲಿ ಸಿಗುತ್ತೆ. ಮೊಜಿಲ್ಲಾದ ಸಹಾಯ ಪುಟದಲ್ಲಿರೋ ಹಾಗೆ ಕೀ ಸೇರಿಸಿ ರೆಪಾಸಿಟರಿ ಹಾಕ್ಕೊಳ್ಳಿ. ಅಷ್ಟಕ್ಕೇ ನಿಲ್ಲಿಸಿದ್ರೆ ಮಾತ್ರ ಮತ್ತೆ ಸ್ನ್ಯಾಪೇ ಬರುತ್ತೆ, ಯಾಕಂದ್ರೆ ಉಬುಂಟುವಿನ ಖಾಲಿ ಡೆಬ್‌ನ ವರ್ಷನ್ ನಂಬರ್ ಮುಂದೆ "1:" ಅಂತ ಇದೆ. ಆದೇಶ ಟೈಪ್ ಮಾಡೋ ಕಿಟಕಿ, ಅಂದ್ರೆ ಟರ್ಮಿನಲ್‌ನಲ್ಲಿ ಆಪ್ಟ್ ಪಾಲಿಸಿ ಫೈರ್‌ಫಾಕ್ಸ್ ಅಂತ ಕೊಟ್ರೆ ಕಾಣುತ್ತೆ, ಒಂದು, ಕೋಲನ್, ಆಮೇಲೆ 1ಸ್ನ್ಯಾಪ್1 ಅಂತ. ಕೋಲನ್ ಮುಂದಿರೋ ಆ ಒಂದಕ್ಕೆ ಎಪೋಕ್ ಅಂತಾರೆ. ಎಪೋಕ್ ಇಲ್ದಿರೋ ಪ್ಯಾಕೇಜ್ ಸೊನ್ನೆ ಅಂತ ಲೆಕ್ಕ, ಹಾಗಾಗಿ ಮೊಜಿಲ್ಲಾದ 122 ಇರ್ಲಿ 140 ಇರ್ಲಿ, ಆಪ್ಟ್ ಕಣ್ಣಿಗೆ ಅದು ಹಳೇದು. ಇದನ್ನ ಮೀರೋಕೆ ಆಪ್ಟ್‌ನ ಪ್ರಿಫರೆನ್ಸಸ್ ಫೋಲ್ಡರ್‌ನಲ್ಲಿ ಒಂದು ಸಣ್ಣ ಫೈಲ್ ಇಟ್ಟು, ಮೊಜಿಲ್ಲಾ ರೆಪಾಸಿಟರಿಗೆ ಪಿನ್ ಪ್ರಯಾರಿಟಿ 1000 ಅಂತ ಬರೀಬೇಕು. ಸಾಮಾನ್ಯವಾಗಿ ಎಲ್ಲಾ ರೆಪಾಸಿಟರಿಗೂ 500 ಇರುತ್ತೆ, 1000 ಅಂದ್ರೆ ವರ್ಷನ್ ನಂಬರ್ ಕಮ್ಮಿ ಇದ್ರೂ ಪರವಾಗಿಲ್ಲ ಇದನ್ನೇ ಹಾಕು ಅಂತ ಅರ್ಥ. ಈ ಪಿನ್ ಬಿಟ್ರೆ ಇವತ್ತು ಸರಿಹೋದ್ರೂ ನಾಳೆ ಆಟೊಮ್ಯಾಟಿಕ್ ಅಪ್‌ಡೇಟ್ ಬಂದು ಸ್ನ್ಯಾಪ್ ವಾಪಸ್ ಕೂರುತ್ತೆ.

ಸ್ನ್ಯಾಪ್ ಫೈರ್‌ಫಾಕ್ಸ್ ತೆಗೆಯೋಕೆ ಮುಂಚೆ ಒಂದು ಕೆಲಸ ಮರೀಬೇಡಿ. ಡೆಬ್‌ನಿಂದ ಸ್ನ್ಯಾಪ್‌ಗೆ ಹೋಗ್ವಾಗ ನಿಮ್ಮ ಪ್ರೊಫೈಲನ್ನ ಅದೇ ಎತ್ಕೊಂಡು ಹೋಗುತ್ತೆ, ವಾಪಸ್ ಬರ್ವಾಗ ತರಲ್ಲ. ಹೋಮ್ ಫೋಲ್ಡರ್ ಒಳಗೆ ಸ್ನ್ಯಾಪ್, ಅದರೊಳಗೆ ಫೈರ್‌ಫಾಕ್ಸ್, ಅದರೊಳಗೆ ಕಾಮನ್ ಅಂತ ಇದೆ, ಅಲ್ಲಿರೋ ಡಾಟ್ ಮೊಜಿಲ್ಲಾ ಫೋಲ್ಡರನ್ನ ಬೇರೆ ಕಡೆ ಕಾಪಿ ಮಾಡಿಟ್ಕೊಳ್ಳಿ, ಅದು ಹಿಡನ್ ಫೋಲ್ಡರು, ಕಂಟ್ರೋಲ್ ಎಚ್ ಒತ್ತಿದ್ರೆ ಕಾಣುತ್ತೆ. ಸೇವ್ ಆಗಿರೋ ಪಾಸ್‌ವರ್ಡ್, ಬುಕ್‌ಮಾರ್ಕ್ ಎಲ್ಲಾ ಅದರಲ್ಲೇ. ಸಿಗ್ನೇಚರ್ ಬಗ್ಗೆ ಭಯ ಬೇಡ, ಅದು ಟೋಕನ್ ಒಳಗೇ ಇರುತ್ತೆ. ಡೆಬ್ ಬಂದ್ಮೇಲೆ ಸೆಕ್ಯುರಿಟಿ ಡಿವೈಸಸ್‌ನಲ್ಲಿ ಲೈಬ್ರರಿ ಮತ್ತೆ ಲೋಡ್ ಮಾಡಿ.

ಇನ್ನೊಂದು ಮಾತು. ಎರಡೂ ಫೈರ್‌ಫಾಕ್ಸ್ ಇಟ್ಕೊಳ್ಳೋಣ ಅನ್ನಿಸಬಹುದು, ದಯವಿಟ್ಟು ಬೇಡ. ಡೆಬ್ ಮತ್ತು ಸ್ನ್ಯಾಪ್ ಎರಡೂ ಒಂದೇ ಕಂಪ್ಯೂಟರಲ್ಲಿ ಚೆನ್ನಾಗಿ ಬಾಳ್ತವೆ, ಆದ್ರೆ ಒಂದೇ ಪ್ರೋಗ್ರಾಂ ಎರಡೂ ಕಡೆಯಿಂದ ಇದ್ರೆ ಎತ್ತು ಏರಿಗೆ ಕೋಣ ನೀರಿಗೆ ಅನ್ನೋ ಹಾಗಾಗುತ್ತೆ, ಮೆನುವಿನಲ್ಲಿ ಎರಡು ಐಕಾನ್, ಎರಡು ಪ್ರೊಫೈಲ್, ಪಾಸ್‌ವರ್ಡ್ ಯಾವುದ್ರಲ್ಲಿ ಸೇವ್ ಆಯ್ತು ಅಂತ ಹುಡುಕೋದೇ ಕೆಲಸ.

ಪ್ರಶ್ನೆ: ನಮ್ಮದು ಶಿರಸಿ ಹತ್ರ ಹಳ್ಳಿ, ಮೊಬೈಲ್ ಹಾಟ್‌ಸ್ಪಾಟೇ ಗತಿ. ಲ್ಯಾಪ್‌ಟಾಪ್ ಸುಮ್ನೆ ಆನ್ ಇದ್ರೂ ದಿನದ ಡೇಟಾ ಖಾಲಿ ಆಗುತ್ತೆ. ಸ್ನ್ಯಾಪ್ ತಿಂತಿದೆ ಅಂತ ಯಾರೋ ಹೇಳಿದ್ರು, ನಿಜಾನಾ? ಪೂರ್ತಿ ತೆಗೆದುಬಿಡ್ಲಾ?

ಉತ್ತರ: ನಿಜ ಇರಬಹುದು. ಸ್ನ್ಯಾಪ್ ದಿನಕ್ಕೆ ನಾಲ್ಕು ಸಲ ಹೊಸ ಆವೃತ್ತಿ ಬಂದಿದ್ಯಾ ಅಂತ ನೋಡುತ್ತೆ, ಬಂದಿದ್ರೆ ನಿಮ್ಮನ್ನ ಕೇಳದೆ ಇಳಿಸ್ಕೊಳ್ಳುತ್ತೆ. ಡೆಬ್‌ಗಳು ಸಿಸ್ಟಮ್‌ನಲ್ಲಿರೋ ಲೈಬ್ರರಿಗಳನ್ನ ಹಂಚ್ಕೊಂಡು ಬಳಸೋದ್ರಿಂದ ಸಣ್ಣವಾಗಿರ್ತವೆ, ಸ್ನ್ಯಾಪ್ ತನಗೆ ಬೇಕಾದ್ದನ್ನ ಜೊತೆಗೇ ತರುತ್ತೆ, ಅದರ ಮೇಲೆ ಬಹಳಷ್ಟು ಆಪ್‌ಗೆ ಕಿಟಕಿ, ಬಟನ್ ತೋರಿಸೋ ಲೈಬ್ರರಿಗಳ ಗಂಟು, ಗ್ನೋಮ್ ರನ್‌ಟೈಮ್ ಅಂತ ಒಂದು ಬೇಕು, 22.04 ಕಾಲದ್ದು ಅದೊಂದೇ ಸುಮಾರು 500 ಎಂಬಿ ಇದೆ. ಫ್ಲಾಟ್‌ಪ್ಯಾಕ್‌ನಲ್ಲೂ ರನ್‌ಟೈಮ್ ಇಳಿಸೋದು ತಪ್ಪಲ್ಲ.

ಪೂರ್ತಿ ತೆಗೆಯೋದು ಬೇಡ. ಮೊದಲು ವೈಫೈ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಹಾಟ್‌ಸ್ಪಾಟ್ ಮುಂದಿರೋ ಗೇರ್ ಗುರುತು ಒತ್ತಿ ಮೀಟರ್ಡ್ ಕನೆಕ್ಷನ್ ಅಂತ ಟಿಕ್ ಮಾಡಿ. ಆಮೇಲೆ ಟರ್ಮಿನಲ್‌ನಲ್ಲಿ ಸುಡೊ ಸ್ನ್ಯಾಪ್ ಸೆಟ್ ಸಿಸ್ಟಮ್ ಬರೆದು, ರಿಫ್ರೆಶ್ ಡಾಟ್ ಮೀಟರ್ಡ್ ಸಮ ಹೋಲ್ಡ್ ಅಂತ ಸೇರಿಸಿ. ಇನ್ಮೇಲೆ ಹಾಟ್‌ಸ್ಪಾಟ್‌ನಲ್ಲಿ ಸಾಮಾನ್ಯವಾಗಿ ಇಳಿಸಲ್ಲ. ಪೇಟೆಗೆ ಬಂದಾಗ ಒಳ್ಳೇ ವೈಫೈ ಸಿಕ್ಕ ಕಡೆ ಸುಡೊ ಸ್ನ್ಯಾಪ್ ರಿಫ್ರೆಶ್ ಕೊಡಿ, ಇದನ್ನ ಮಾತ್ರ ತಪ್ಪಿಸಬೇಡಿ, ಬ್ರೌಸರ್ ತಿಂಗಳುಗಟ್ಲೆ ಹಳೇದಾಗಿ ಇರೋದು ಡೇಟಾ ಖಾಲಿ ಆಗೋದಕ್ಕಿಂತ ದೊಡ್ಡ ಅಪಾಯ. ಲಿಬ್ರೆಆಫೀಸ್, ವಿಎಲ್‌ಸಿ ಥರದ್ದು ಡೆಬ್ ಆಗಿ ಆಪ್ಟ್‌ನಲ್ಲೇ ಸಿಗುತ್ತೆ, ನಿಮ್ಮಂಥ ಕಡೆಗೆ ಅದೇ ವಾಸಿ.

ಪ್ರಶ್ನೆ: ತುಮಕೂರಿನ ಒಂದು ಕಾಲೇಜಿನಲ್ಲಿ ಲ್ಯಾಬ್ ನೋಡ್ಕೊಳ್ತೀನಿ. ಹಳೇ ಲೇಸರ್ ಪ್ರಿಂಟರ್ ಇದೆ, ಗಟ್ಟಿಮುಟ್ಟಾಗಿದೆ. ಡ್ರೈವರ್ ಡೆಬ್ ಫೈಲಲ್ಲಿದೆ, 24.04ರಲ್ಲಿ ಡಬಲ್ ಕ್ಲಿಕ್ ಮಾಡಿದ್ರೆ ಇನ್‌ಸ್ಟಾಲ್ ಆಗಲ್ಲ, ಟರ್ಮಿನಲ್‌ನಲ್ಲಿ ಹಾಕಿದ್ರೆ ಐ386 ಲೈಬ್ರರಿ ಇಲ್ಲ ಅನ್ನತ್ತೆ. ಹೊಸ ಪ್ರಿಂಟರ್‌ಗೆ ದುಡ್ಡಿಲ್ಲ. ಇದಕ್ಕೆ ಸ್ನ್ಯಾಪ್ ಏನಾದ್ರೂ ಸಿಗುತ್ತಾ?

ಉತ್ತರ: ಸ್ನ್ಯಾಪ್ ಹುಡುಕಬೇಡಿ, ಪ್ರಿಂಟರ್ ಡ್ರೈವರ್ ಸಿಸ್ಟಮ್‌ನ ಹೊಟ್ಟೆಯೊಳಗೆ ಕೂರೋ ವಸ್ತು, ಅದಕ್ಕೆ ಡೆಬ್ಬೇ ಸರಿ. ಡಬಲ್ ಕ್ಲಿಕ್ ತೊಂದ್ರೆ ನಿಮ್ಮದಲ್ಲ, 24.04 ಬಿಡುಗಡೆ ಆದಾಗ ಹೊಸ ಆಪ್ ಸೆಂಟರ್‌ಗೆ ಡೌನ್‌ಲೋಡ್ ಮಾಡಿದ ಡೆಬ್ ಹಾಕೋಕೇ ಬರ್ತಿರ್ಲಿಲ್ಲ, ಆಮೇಲೆ ಅಪ್‌ಡೇಟ್‌ನಲ್ಲಿ ಸೇರಿಸಿದ್ರು. ಹಳೇ ಫಾರ್ಮ್ಯಾಟ್ ಉಳಿಸ್ತೀವಿ ಅಂತ ಹೇಳಿ ಅದನ್ನ ಹಾಕೋ ದಾರಿನೇ ಮುಚ್ಚಿದ್ರೆ ಸಾಮಾನ್ಯ ಜನಕ್ಕೆ ಅದು ಇಲ್ದಂಗೇ ಲೆಕ್ಕ, ಇದನ್ನ ಆವಾಗ ಬಹಳ ಜನ ಎತ್ತಿ ತೋರಿಸಿದ್ರು.

ಫೈಲ್ ಇರೋ ಫೋಲ್ಡರ್‌ನಲ್ಲೇ ಟರ್ಮಿನಲ್ ತೆಗೆದು ಸುಡೊ ಆಪ್ಟ್ ಇನ್‌ಸ್ಟಾಲ್ ಅಂತ ಬರೆದು, ಫೈಲ್ ಹೆಸರಿನ ಮುಂದೆ ಚುಕ್ಕೆ ಮತ್ತು ಸ್ಲ್ಯಾಶ್ ಹಾಕಿ. ಆ ಎರಡು ಗುರುತು ಇಲ್ದಿದ್ರೆ ಆಪ್ಟ್ ಅದನ್ನ ರೆಪಾಸಿಟರಿಯಲ್ಲಿ ಹುಡುಕ್ಕೊಂಡು ಹೋಗುತ್ತೆ. ಡೆಬ್ ಫೈಲನ್ನಷ್ಟೇ ಹಾಕೋ ಡಿಪಿಕೆಜಿ ಆದೇಶದಿಂದ ಹಾಕೋದಕ್ಕಿಂತ ಇದು ಒಳ್ಳೇದು, ಬೇಕಾದ ಬೇರೆ ಪ್ಯಾಕೇಜುಗಳನ್ನೂ ಆಪ್ಟ್ ತಾನೇ ತರುತ್ತೆ.

ಐ386 ಅಂದ್ರೆ 32 ಬಿಟ್. ಡ್ರೈವರ್ ಆ ಕಾಲದ್ದು. ಮೊದಲು ಡಿಪಿಕೆಜಿಗೆ ಆಡ್ ಆರ್ಕಿಟೆಕ್ಚರ್ ಅನ್ನೋ ಆಯ್ಕೆ ಕೊಟ್ಟು ಐ386 ಸೇರಿಸಿ, ಆಪ್ಟ್ ಅಪ್‌ಡೇಟ್ ಮಾಡಿ, ಆಮೇಲೆ ಮೇಲೆ ಹೇಳಿದ ಹಾಗೆ ಹಾಕಿ. ಇದು ಇವತ್ತಿಗೂ ಕೆಲಸ ಮಾಡೋದಕ್ಕೆ ಒಂದು ಹಿನ್ನೆಲೆ ಇದೆ. ಜೂನ್ 2019ರಲ್ಲಿ ಉಬುಂಟು ಕೊಡೋ ಕ್ಯಾನೊನಿಕಲ್ ಕಂಪನಿ 19.10ರಿಂದ 32 ಬಿಟ್ ಪ್ಯಾಕೇಜ್ ಕೊಡೋದೇ ನಿಲ್ಲಿಸ್ತೀವಿ ಅಂದ್ಬಿಟ್ಟಿತ್ತು. ಹಳೇ ಗೇಮ್ ಆಡೋರು, ವೈನ್‌ನಲ್ಲಿ ವಿಂಡೋಸ್ ಪ್ರೋಗ್ರಾಂ ನಡೆಸೋರು ಎಲ್ಲಾ ಗಲಾಟೆ ಎಬ್ಬಿಸಿದ್ರು, ಗೇಮ್ ಮಾರೋ ಸ್ಟೀಮ್ ನಡೆಸೋ ವಾಲ್ವ್ ಕಂಪನಿ ಕಡೆಯಿಂದ ಹಂಗಾದ್ರೆ ಉಬುಂಟುಗೆ ಸಪೋರ್ಟ್ ಕೊಡಲ್ಲ ಅನ್ನೋ ಮಾತು ಬಂತು. ಒಂದೇ ವಾರದೊಳಗೆ ನಿರ್ಧಾರ ತಿದ್ದಿ, ಆಯ್ದ 32 ಬಿಟ್ ಪ್ಯಾಕೇಜುಗಳನ್ನ ಉಳಿಸ್ತೀವಿ ಅಂದ್ರು. ಆಯ್ದ ಅನ್ನೋದನ್ನ ಗಮನಿಸಿ, ನಿಮ್ಮ ಡ್ರೈವರ್ ಕೇಳೋ ಲೈಬ್ರರಿ ಆ ಪಟ್ಟೀಲಿ ಇಲ್ದಿದ್ರೆ ಸಿಗಲ್ಲ. ಎಲ್ಲಿಂದಲೋ ಹಳೇ ಲೈಬ್ರರಿ ಡೆಬ್ ಇಳಿಸಿ ತುರುಕಬೇಡಿ, ಲ್ಯಾಬ್‌ನ ಒಂದು ಹಳೇ ಕಂಪ್ಯೂಟರ್‌ನಲ್ಲಿ 22.04 ಉಳಿಸ್ಕೊಂಡು ಅದರಲ್ಲಿ ಪ್ರಯತ್ನ ಮಾಡಿ, ಅಲ್ಲಿ ಪ್ರಿಂಟರ್ ಹತ್ತಿದ್ರೆ ನೆಟ್‌ವರ್ಕ್‌ನಲ್ಲಿ ಶೇರ್ ಮಾಡಿ, ಮಿಕ್ಕ ಕಂಪ್ಯೂಟರ್‌ಗಳಿಗೆ ಆ ಡ್ರೈವರ್ ಹಾಕೋ ಗೊಡವೆನೇ ಇರಲ್ಲ.

ಪ್ರಶ್ನೆ: ಮೈಸೂರಿನಲ್ಲಿ ಕನ್ನಡ ಟೀಚರ್ ನಾನು. ಬೇರೆ ಬೇರೆ ಭಾಷೆ ಟೈಪ್ ಮಾಡಿಸೋ ಐಬಸ್‌ನಲ್ಲಿ ಕೆಜಿಪಿ ಕೀಲಿಮಣೆ ಹಾಕ್ಕೊಂಡು ಟೈಪ್ ಮಾಡ್ತೀನಿ. ಕೆಲವು ಆಪ್‌ನಲ್ಲಿ ಕನ್ನಡ ಬರುತ್ತೆ, ಹೊಸದಾಗಿ ಹಾಕಿದ ಒಂದು ಸ್ನ್ಯಾಪ್ ಆಪ್‌ನಲ್ಲಿ ಬರೀ ಇಂಗ್ಲಿಷ್ ಅಕ್ಷರ ಬೀಳುತ್ತೆ. ಹೀಗ್ಯಾಕೆ?

ಉತ್ತರ: ಮೇಡಂ, ಕೀಲಿಮಣೆ ನಿಮ್ಮ ಸಿಸ್ಟಮ್‌ನಲ್ಲಿ ಡೆಬ್ ಆಗಿ ಇದೆ, ಎಂ17ಎನ್ ಅನ್ನೋ ಪ್ಯಾಕೇಜ್‌ನಲ್ಲಿ ಕೆಜಿಪಿ, ಇನ್‌ಸ್ಕ್ರಿಪ್ಟ್ ಎಲ್ಲಾ ಬರುತ್ತೆ. ಆಪ್ ಅದರ ಜೊತೆ ಮಾತಾಡೋಕೆ ಆಪ್ ಒಳಗೂ ಒಂದು ಸಣ್ಣ ಭಾಗ ಬೇಕು. ಡೆಬ್ ಆಪ್ ಆದ್ರೆ ಸಿಸ್ಟಮ್‌ನಲ್ಲಿರೋದನ್ನೇ ಬಳಸುತ್ತೆ. ಸ್ನ್ಯಾಪ್ ಕಟ್ಟಿದವರು ಆ ಭಾಗ ಸೇರಿಸೋಕೆ ಮರೆತಿದ್ರೆ, ಇಂಗ್ಲಿಷ್ ಮಾತ್ರ ಟೈಪ್ ಮಾಡೋರಿಗೆ ಅದು ಗೊತ್ತೂ ಆಗಲ್ಲ, ನಮಗೆ ಮಾತ್ರ ಕೈ ಕೊಡುತ್ತೆ. ಈ ಮಾತು ನನಗೆ ಬಹಳ ಮುಖ್ಯ. ಹೊಸ ಪ್ಯಾಕೇಜಿಂಗ್‌ನಲ್ಲಿ ಪ್ರತಿ ಆಪ್ ತನ್ನ ಲೋಕ ತಾನೇ ಕಟ್ಕೊಂಡು ಬರೋದ್ರಿಂದ, ಡೆಬ್ ಕಾಲದಲ್ಲಿ ಒಂದು ಕಡೆ ಸರಿಮಾಡಿದ್ರೆ ಎಲ್ಲಾ ಕಡೆ ಸರಿಹೋಗ್ತಿದ್ದ ಕನ್ನಡ, ಈಗ ಒಂದೊಂದು ಆಪ್‌ನಲ್ಲೂ ಬೇರೆ ಬೇರೆಯಾಗಿ ಪರೀಕ್ಷೆ ಆಗಬೇಕು, ಆ ಪರೀಕ್ಷೆ ಮಾಡೋರು ನಾವೇ ಆಗಿರ್ತೀವಿ. ಹಂಗಾಗಿ ಅದೇ ಆಪ್ ಆಪ್ಟ್‌ನಲ್ಲಿ ಡೆಬ್ ಆಗಿ ಸಿಕ್ರೆ ಅದನ್ನ ಹಾಕ್ಕೊಳ್ಳಿ, ಸಿಗ್ದಿದ್ರೆ ಸ್ನ್ಯಾಪ್ ಕಟ್ಟಿದವರಿಗೆ ಐಬಸ್ ಕೆಲಸ ಮಾಡ್ತಿಲ್ಲ ಅಂತ ಬಗ್ ಬರೀರಿ, ಬರೆಯೋರು ಇಲ್ದಿದ್ರೆ ಸರಿ ಮಾಡೋರೂ ಇರಲ್ಲ.

ಫಾಂಟ್ ವಿಷಯದಲ್ಲಿ ಅಷ್ಟು ತೊಂದ್ರೆ ಇಲ್ಲ. ಗುಬ್ಬಿ, ನವಿಲು ಫಾಂಟುಗಳು ಡೆಬ್ ಆಗಿ ಸಿಗ್ತವೆ, ಹಾಕಿದ್ರೆ ಸಿಸ್ಟಮ್ ಫಾಂಟ್ ಫೋಲ್ಡರ್‌ಗೆ ಹೋಗ್ತವೆ, ಅದನ್ನ ಸ್ನ್ಯಾಪೂ ಫ್ಲಾಟ್‌ಪ್ಯಾಕೂ ಓದಬಹುದು. ಹೊಸ ಫಾಂಟ್ ಹಾಕಿದ್ಮೇಲೆ ಆಪ್ ಮುಚ್ಚಿ ತೆಗೀರಿ ಅಷ್ಟೇ.

ಪ್ರಶ್ನೆ: ಹುಬ್ಬಳ್ಳಿಯ ಡಿಪ್ಲೊಮಾ ವಿದ್ಯಾರ್ಥಿ. ಇನ್‌ಸ್ಟಾಲ್ ಮಾಡ್ದೆ ನೇರ ಓಡಿಸೋ ಆ್ಯಪ್‌ಇಮೇಜ್ ಫೈಲ್ ಇಳಿಸಿದ್ದೀನಿ, 22.04ರಲ್ಲಿ ಎಷ್ಟು ಕ್ಲಿಕ್ ಮಾಡಿದ್ರೂ ಓಪನ್ ಆಗವಲ್ದು.

ಉತ್ತರ: ಪ್ರಾಪರ್ಟೀಸ್‌ನಲ್ಲಿ ಎಕ್ಸಿಕ್ಯೂಟ್ ಪರ್ಮಿಷನ್ ಕೊಟ್ಟಿದ್ದೀಯಾ ನೋಡಪ್ಪ. ಕೊಟ್ಟಿದ್ರೂ ಆಗ್ದಿದ್ರೆ ಲಿಬ್‌ಫ್ಯೂಸ್2 ಹಾಕು, ಬಹಳಷ್ಟು ಆ್ಯಪ್‌ಇಮೇಜ್‌ಗೆ ಆ ಹಳೇ ಲೈಬ್ರರಿ ಬೇಕು, 22.04ರಿಂದ ಅದು ಮೊದಲೇ ಹಾಕಿ ಬರಲ್ಲ. 24.04ರಲ್ಲಿ ಅದರ ಹೆಸರು ಲಿಬ್‌ಫ್ಯೂಸ್2ಟಿ64 ಅಂತ. ಆದ್ರೆ ಬರೀ ಫ್ಯೂಸ್ ಅನ್ನೋ ಪ್ಯಾಕೇಜ್ ಮಾತ್ರ ಹಾಕಬೇಡ, ಅದು ಫ್ಯೂಸ್3ನ ಕಿತ್ತು ಡೆಸ್ಕ್‌ಟಾಪನ್ನೇ ಎಬ್ಬಿಸ್ಕೊಂಡು ಹೋಗಬಹುದು. ಆಪ್ಟ್ ಏನೇನು ತೆಗೀತೀನಿ ಅಂತ ಪಟ್ಟಿ ಕೊಡುತ್ತಲ್ಲ, ವೈ ಒತ್ತೋ ಮುಂಚೆ ಅದನ್ನ ಓದೋ ಅಭ್ಯಾಸ ಇಟ್ಕೊ.

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮದು ಸಣ್ಣ ತಂಡ, ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡ್ತೀವಿ. ಗ್ರಾಹಕರಲ್ಲಿ ಕೆಲವರು ಉಬುಂಟು 20.04, ಕೆಲವರು 24.04, ಇನ್ ಕೆಲವರು ಲಿನಕ್ಸ್ ಮಿಂಟ್. ಎಲ್ಲದಕ್ಕೂ ಡೆಬ್ ಕಟ್ಟೋದು ಸಾಕಾಗಿದೆ. ಡೆಬ್ ನಿಲ್ಲಿಸಿ ಬರೀ ಸ್ನ್ಯಾಪ್ ಅಥವಾ ಫ್ಲಾಟ್‌ಪ್ಯಾಕ್ ಕೊಟ್ರೆ ಹೇಗೆ? ಹೆಂಗಿದ್ರೂ ಡೆಬ್ ಸಾಯುತ್ತಲ್ವಾ?

ಉತ್ತರ: ಡೆಬ್ ಸಾಯಲ್ಲ. ಡೆಬ್ ಹುಟ್ಟಿದ ಡೆಬಿಯನ್ ಅನ್ನೋ ಲಿನಕ್ಸ್ ಶುರುವಾಗಿದ್ದು 1993ರಲ್ಲಿ, ಇವತ್ತಿಗೂ ಡೆಬಿಯನ್ ಪೂರ್ತಿ ಡೆಬ್ ಮೇಲೇ ನಿಂತಿದೆ, ಅದನ್ನ ಆಧರಿಸಿದ ಉಬುಂಟು, ಮಿಂಟ್, ನಮ್ಮ ಸರ್ಕಾರಿ ಸಂಸ್ಥೆ ಸಿ-ಡ್ಯಾಕ್‌ನ ಬಾಸ್ ಲಿನಕ್ಸ್ ಕೂಡ. ಅಷ್ಟೇ ಅಲ್ಲ, ಸ್ನ್ಯಾಪ್‌ಗಳು ಅಡಿಪಾಯವಾಗಿ ಬಳಸೋ ಕೋರ್22 ಅನ್ನೋ ಬೇಸ್ ಸ್ನ್ಯಾಪ್ ಇದೆಯಲ್ಲ, ಅದನ್ನ ಕಟ್ಟೋದೇ ಉಬುಂಟು 22.04ರ ಡೆಬ್‌ಗಳಿಂದ.

ನಿಮ್ಮ ಗ್ರಾಹಕರ ಪಟ್ಟಿ ನೋಡಿ. ಮಿಂಟ್ 2020ರಲ್ಲಿ ಬಂದ 20ನೇ ಆವೃತ್ತಿಯಿಂದ ಸ್ನ್ಯಾಪನ್ನ ಆಪ್ಟ್‌ನಲ್ಲೇ ತಡೆದಿಟ್ಟಿದೆ, ಅಲ್ಲಿ ಫ್ಲಾಟ್‌ಪ್ಯಾಕ್ ಇದೆ. ಉಬುಂಟುನಲ್ಲಿ ಸ್ನ್ಯಾಪ್ ಇದೆ, ಫ್ಲಾಟ್‌ಪ್ಯಾಕ್ ತಾವೇ ಹಾಕ್ಕೋಬೇಕು. ಇಬ್ಬರಿಗೂ ಏನೂ ಹೆಚ್ಚು ಹೇಳಿಕೊಡದೆ ತಲುಪೋದು ಡೆಬ್ ಒಂದೇ. ಅದರ ಮೇಲೆ ನಿಮ್ಮದು ಅಂಗಡಿ ಸಾಫ್ಟ್‌ವೇರು, ಥರ್ಮಲ್ ಪ್ರಿಂಟರ್, ತಕ್ಕಡಿ, ಬಾರ್‌ಕೋಡ್ ಸ್ಕ್ಯಾನರ್ ಎಲ್ಲದರ ಜೊತೆ ಮಾತಾಡಬೇಕು, ಸ್ನ್ಯಾಪ್, ಫ್ಲಾಟ್‌ಪ್ಯಾಕ್ ಬೇಲಿ ಒಳಗಿಂದ ಸೀರಿಯಲ್ ಪೋರ್ಟ್ ಮುಟ್ಟೋಕೆ ಬೇರೆ ಅನುಮತಿ ತಗೋಬೇಕು, ಅದನ್ನ ಫೋನಲ್ಲಿ ಅಂಗಡಿಯವರಿಗೆ ವಿವರಿಸೋದು ನಿಮಗೇ ಕಷ್ಟ.

ಡೆಬ್ ಕಟ್ಟೋದು ಸಾಕಾಗಿದೆ ಅಂದ್ರೆ ಬಹುಶಃ ಆವೃತ್ತಿಗೊಂದು ಕಟ್ತಿದ್ದೀರಿ. ನೀವು ಸಪೋರ್ಟ್ ಮಾಡೋ ಅತಿ ಹಳೇ ಆವೃತ್ತಿಯಲ್ಲಿ ಒಂದೇ ಸಲ ಕಟ್ಟಿ. ಹೆಚ್ಚುಕಮ್ಮಿ ಎಲ್ಲಾ ಪ್ರೋಗ್ರಾಂಗೂ ಬೇಕಾದ ಮೂಲ ಲೈಬ್ರರಿ ಜಿಲಿಬ್‌ಸಿ 20.04ರಲ್ಲಿ 2.31 ಇದೆ, 22.04ರಲ್ಲಿ 2.35, 24.04ರಲ್ಲಿ 2.39. ಹಳೇದ್ರಲ್ಲಿ ಕಟ್ಟಿದ್ದು ಹೊಸದ್ರಲ್ಲಿ ಓಡುತ್ತೆ, ಉಲ್ಟಾ ಆಗಲ್ಲ. ಎನ್‌ಕ್ರಿಪ್ಷನ್ ಲೈಬ್ರರಿ ಓಪನ್‌ಎಸ್‌ಎಸ್‌ಎಲ್ ಥರ ಮಧ್ಯೆ ಬದಲಾಗಿರೋದನ್ನ ಪ್ಯಾಕೇಜ್ ಒಳಗೇ ಸೇರಿಸಿ, ಇಲ್ದಿದ್ರೆ ಲಿಬ್‌ಎಸ್‌ಎಸ್‌ಎಲ್ 1.1 ಬೇಕು ಅಂತ ಬರೆದಿರೋ ಡೆಬ್ 22.04ರಲ್ಲಿ ಕೂರೋದೇ ಇಲ್ಲ, ಅಲ್ಲಿರೋದು 3. ಆದ್ರೆ ಒಳಗೆ ಸೇರಿಸಿದ ಮೇಲೆ ಅದರ ಸೆಕ್ಯುರಿಟಿ ಅಪ್‌ಡೇಟ್ ನಿಮ್ಮ ಜವಾಬ್ದಾರಿ, ಸಿಸ್ಟಮ್ ನೋಡ್ಕೊಳ್ಳಲ್ಲ. ಇನ್‌ಸ್ಟಾಲ್ ಆಗ್ವಾಗ ಓಡೋ ಸ್ಕ್ರಿಪ್ಟ್ ರೂಟ್ ಅಧಿಕಾರದಲ್ಲಿ ಓಡುತ್ತೆ, ಅದರಲ್ಲಿ ಎಷ್ಟು ಕಮ್ಮಿ ಕೆಲಸ ಇಟ್ರೆ ಅಷ್ಟು ಒಳ್ಳೇದು, ಅಂಗಡಿಯವರು ಇಡೀ ಕಂಪ್ಯೂಟರ್ ನಿಮ್ಮ ಕೈಗೆ ಕೊಟ್ಟಿರ್ತಾರೆ.

ಜೊತೆಗೆ ಫ್ಲಾಟ್‌ಪ್ಯಾಕೂ ಕೊಡಿ, ಬೇಕಾದವರು ಹಾಕ್ಕೊಳ್ಳಲಿ. ಎರಡರ ಡೇಟಾ ಇರೋ ಜಾಗ ಬೇರೆ, ಫ್ಲಾಟ್‌ಪ್ಯಾಕ್‌ನದ್ದು ಹೋಮ್‌ನಲ್ಲಿ ಡಾಟ್ ವಾರ್ ಒಳಗೆ ಆಪ್ ಅಂತ ಫೋಲ್ಡರ್‌ನಲ್ಲಿ ಇರುತ್ತೆ. ಹಾಗಾಗಿ ಹಳೇ ಬಿಲ್ಲುಗಳನ್ನ ಎರಡೂ ದಿಕ್ಕಿಗೆ ಸಾಗಿಸೋ ಒಂದು ಬಟನ್ ನಿಮ್ಮ ಸಾಫ್ಟ್‌ವೇರ್‌ನಲ್ಲೇ ಇರಲಿ, ಹೋಗೋಕೂ ಬರೋಕೂ. 20.04ರ ಉಚಿತ ಸಪೋರ್ಟ್ ಮೇ 2025ಕ್ಕೆ ಮುಗೀತು, ಆ ಗ್ರಾಹಕರಿಗೆ ಡೆಬ್ ನಿಲ್ಲಿಸೋ ದಿನ ಈಗ್ಲೇ ಬರೆದು ತಿಳಿಸಿ, ಮಾರ್ಚ್ ತಿಂಗಳು ಮಾತ್ರ ಆರಿಸಬೇಡಿ, ಲೆಕ್ಕ ಮುಗಿಸೋ ಹೊತ್ತಲ್ಲಿ ಯಾರೂ ಕಂಪ್ಯೂಟರ್ ಮುಟ್ಟೋಕೆ ಬಿಡಲ್ಲ. ಆ ದಿನ ಬಂದ್ಮೇಲೂ ಹಳೇ ಡೆಬ್ ಹೆಸರಲ್ಲಿ ಬೇರೆ ಏನನ್ನೂ ಕಳಿಸಬೇಡಿ, ಕೊನೇ ಡೆಬ್ ಹಾಗೇ ಓಡ್ತಿರಲಿ, ತೆರೆದಾಗ ಹೊಸದು ಎಲ್ಲಿ ಸಿಗುತ್ತೆ ಅಂತ ಕನ್ನಡದಲ್ಲಿ ಒಂದು ಸಾಲು ತೋರಿಸಿದ್ರೆ ಸಾಕು.